ರಿಲೀಸ್ ಆಗದ ಕಂಪ್ಯೂಟರ್

ನಮ್ಮ ಅಳಿಯಂದಿರು ಮಗಳಿಗೆ ಕಂಪ್ಯೂಟರ್ ಮಾಡುತ್ತಿದ್ದಾರೆ. 'ಕೊಡಿಸುತ್ತಿದ್ದಾರೆ' ಎಂದು ಬರೆಯಹೊರಟಿದ್ದೆ, ಆದರೆ ಅದು ಅವರಿಗೆ ಅವಮಾನ. ಅಂಗಡಿಯಿಂದ ತಂದು ಕೊಟ್ಟು ಕೈ ತೊಳೆದುಕೊಳ್ಳುವ ಅಪ್ಪಂದಿರ ಕುಲವೇ ಬೇರೆ. ಇವರು ಬೆಂಗಳೂರಿನ ಸಾಫ್ಟ್‌ವೇರ್ ಅಪ್ಪ. ತೊಟ್ಟಿಲು ಕೊಳ್ಳುವಾಗಲೂ ಎಕ್ಸೆಲ್ ಶೀಟ್ ತೆರೆದು ಹನ್ನೊಂದು ತೊಟ್ಟಿಲು ಹೋಲಿಸಿದವರು. ಹೋಲಿಕೆ ಮುಗಿಯುವಷ್ಟರಲ್ಲಿ ಮಗು ಮಗುಚಿಕೊಂಡು, ಅಂಬೆಗಾಲಿಟ್ಟು, ಹೊಸಿಲು ದಾಟಿತ್ತು. ಅಷ್ಟು ದಿನವೂ ಮಲಗಿದ್ದು ನನ್ನಾಕೆಯ ಹಳೇ ಸೀರೆಯ ಜೋಲಿಯಲ್ಲಿ.

ಪುಟ್ಟಿಗೆ ಈಗ ಎರಡೂವರೆ. ಒಂದು ದಿನ ಅಪ್ಪನ ಆಫೀಸ್ ಲ್ಯಾಪ್‌ಟಾಪಿನಿಂದ 'ಎಂಟರ್' ಗುಂಡಿ ಕಿತ್ತು ಬಾಯಿಗಿಟ್ಟುಕೊಂಡಳು. ನನ್ನಾಕೆ ಬೆನ್ನು ತಟ್ಟಿ ಉಗುಳಿಸಿದಳು. ನಾವೆಲ್ಲ ಮಗುವನ್ನು ನೋಡುತ್ತಿದ್ದರೆ ಅಳಿಯಂದಿರು ಗುಂಡಿಯನ್ನು ನೋಡುತ್ತಿದ್ದರು. "ಮಾವ, ಇವಳಿಗೇ ಅಂತ ಒಂದು ಮಷೀನ್ ಬೇಕು" ಎಂದರು.

ಅಂದಿನಿಂದ ಶನಿವಾರ ಬಂತೆಂದರೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಚಾಪೆಯ ಹಾಗೆ ಸುತ್ತಿಡಬಹುದಾದ ಸಿಲಿಕೋನ್ ಕೀಬೋರ್ಡ್ ತೋರಿಸಿದರು. ಗುಂಡಿಗಳೆಲ್ಲ ಒಂದೇ ಹಾಳೆಯಲ್ಲಿ ಅಚ್ಚಾಗಿದ್ದವು, ಕೀಳಲು ಏನೂ ಇಲ್ಲ. ಅಳಿಯಂದಿರು ಅದನ್ನು ಹಿಂಡಿದರು, ಮೂಸಿದರು. ಆಮೇಲೆ ತುಂಬಿದ ಅಂಗಡಿಯಲ್ಲಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಜೋತಾಡುತ್ತಿರುವಾಗಲೇ, ಅದರ ಮೂಲೆಯನ್ನು ಕಚ್ಚಿದರು. "ಊಟ ಆಗಿಲ್ವಾ ಸಾರ್?" ಎಂದ ಅಂಗಡಿಯ ಹುಡುಗ. ನಾನು ರಸ್ತೆಯ ಆ ಬದಿಗೆ ಹೋಗಿ ನಿಂತೆ.

ಮನೆಯಲ್ಲಿ ಪರೀಕ್ಷೆ ಮುಂದುವರಿಯಿತು. ಕೀಬೋರ್ಡಿನ ಮೇಲೆ ತಿಳಿಸಾರು ಹೊಯ್ದರು, ಜಗ್ಗಲಿಲ್ಲ. ಮೊಸರನ್ನಕ್ಕೂ ಜಗ್ಗಲಿಲ್ಲ. ರಾಗಿ ಸರಿ ಮಾತ್ರ ಒಣಗಿ ಸಿಮೆಂಟಿನಂತೆ ಹಿಡಿಯಿತು. ಅದನ್ನು ಕೆರೆಯಲು ನನ್ನಾಕೆಯ ದೋಸೆ ಮಗುಚುವ ಕೈ ಹೋಯಿತು. ಇನ್ನೂ ವಾಪಸ್ಸು ಬಂದಿಲ್ಲ. ಮಾನಿಟರನ್ನು ಗೋಡೆಗೆ ಬೋಲ್ಟ್ ಹಾಕಿ, ಮುಂದೆ ಅಕ್ರಿಲಿಕ್ ಹಾಳೆ ಕೂರಿಸಿದರು. ಮೌಸಿನ ವೈರು ಕುತ್ತಿಗೆಗೆ ಸುತ್ತಿಕೊಂಡೀತೆಂದು ಅದನ್ನು ಒಂದು ಗೇಣಿಗೆ ಇಳಿಸಿದರು. ಈಗ ಮೌಸ್ ಹಿಡಿಯಬೇಕಾದರೆ ಮೇಜಿನ ಕೆಳಗೆ ಕೂರಬೇಕು.

ಎಲ್ಲವೂ ಹುಚ್ಚಲ್ಲ ಅನ್ನಿ. "ರಿಮೋಟಿನ ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು ಮಾವ" ಎಂದು, ಫ್ಯಾನಿನ ರಿಮೋಟಿನ ಮುಚ್ಚಳಕ್ಕೆ ಟೇಪು ಸುತ್ತಿದರು. ಆ ಒಂದು ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಅದಕ್ಕೆ ಹತ್ತು ರೂಪಾಯಿಯ ಟೇಪು ಸಾಕಾಯಿತು ಎಂಬುದು ಬೇರೆ ಮಾತು.

ಕಂಪ್ಯೂಟರಿನ ಒಳಗಿನದು ಲಿನಕ್ಸ್. ಚಿತ್ರ ಬರೆಯಲು 2002ರಿಂದ ಇರುವ ಟಕ್ಸ್ ಪೇಂಟ್, ಆಟವಾಡುತ್ತ ಕಲಿಯಲು ಅದಕ್ಕಿಂತ ಎರಡು ವರ್ಷ ಹಿರಿಯದಾದ ಜೀಕಾಂಪ್ರಿ. ಆ ಹೆಸರನ್ನು ಗಟ್ಟಿಯಾಗಿ ಓದಿದರೆ ಫ್ರೆಂಚಿನಲ್ಲಿ 'ನನಗೆ ಅರ್ಥವಾಯಿತು' ಎಂದಂತೆ ಕೇಳುತ್ತದಂತೆ. ನನಗೆ ಆಗಲಿಲ್ಲ. ಮಗು ಏನೇ ಕೆಡಿಸಲಿ, ಸ್ವಿಚ್ ಆರಿಸಿ ಹಾಕಿದರೆ ಯಂತ್ರ ಎಲ್ಲವನ್ನೂ ಮರೆತು ಮೊದಲಿನಂತಾಗುತ್ತದೆ. ಈ ಗುಣ ಮನುಷ್ಯರಿಗೆ ಇದ್ದಿದ್ದರೆ ನಮ್ಮ ದಾಯಾದಿಗಳ ಆಸ್ತಿ ಕೇಸು ಎಂದೋ ಮುಗಿಯುತ್ತಿತ್ತು.

ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಳಿಯಂದಿರು ಅದಕ್ಕೂ ಟೈಮರ್ ಇಟ್ಟಿದ್ದಾರೆ. ಅರವತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ. ಟೈಮರ್ ಸರಿಯಿದೆಯೇ ಎಂದು ನೋಡಲು ಅವರೇ ರಾತ್ರಿ ಒಂದರವರೆಗೆ ಮೇಜಿನ ಕೆಳಗೆ ಕೂತು ಟಕ್ಸ್ ಪೇಂಟಿನಲ್ಲಿ ಆನೆ ಬರೆಯುತ್ತಾರೆ. ಆನೆ ಚೆನ್ನಾಗಿ ಬರುತ್ತಿದೆ.

ಪುಟ್ಟಿ ಇನ್ನೂ ಅದನ್ನು ಮುಟ್ಟಿಲ್ಲ. ಯುಗಾದಿಗೆ ಎಂದಿದ್ದರು, ಗಣೇಶನ ಹಬ್ಬಕ್ಕೆ ಹೋಯಿತು, ಈಗ ದೀಪಾವಳಿ ಎನ್ನುತ್ತಿದ್ದಾರೆ. ಕೇಳಿದರೆ "ಟೆಸ್ಟಿಂಗ್ ಮುಗಿದಿಲ್ಲ ಮಾವ, ಹೇಗೆ ರಿಲೀಸ್ ಮಾಡೋದು?" ಎಂಬ ಉತ್ತರ. ಅವಳು ಅಡುಗೆಮನೆಯಲ್ಲಿ ಅಜ್ಜಿಯ ಸೇರು-ಪಾವು ಬಡಿಯುತ್ತಿದ್ದಾಳೆ.

ಈ ಶನಿವಾರ ನೀವು ಎಸ್.ಪಿ. ರೋಡಿಗೆ ಹೋಗುವವರಿದ್ದು, ಅಲ್ಲಿ ಯಾರಾದರೂ ಕೀಬೋರ್ಡ್ ಕಚ್ಚಿ ನೋಡುತ್ತಿರುವುದು ಕಂಡರೆ, ಗಾಬರಿಯಾಗಬೇಡಿ. ಬರುವಾಗ ಅರ್ಧ ಲೀಟರ್ ಹಾಲು ಮತ್ತು ಒಂದು ದೋಸೆ ಮಗುಚುವ ಕೈ ತರಬೇಕಂತೆ ಎಂದು ದಯವಿಟ್ಟು ತಿಳಿಸಿ.