ಎಕ್ಸ್‌ಕ್ಲೂಸಿವ್ ಅಣ್ಣ

ಜೇಬಿನಲ್ಲಿ ಎರಡು ಫೋನು, ಕಂಕುಳಲ್ಲಿ ಜಿಪ್ಪಿನ ಕರಿ ಬ್ಯಾಗು, ಹಣೆಯಲ್ಲಿ ಬೆಳಗಿನ ದೇವಸ್ಥಾನದ ಕುಂಕುಮ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈ ಅಣ್ಣ ಸಿಗುತ್ತಾನೆ. ಮನೆ ಮಾರುವ ಮಾತು ಗಂಡ ಹೆಂಡತಿಯ ನಡುವೆಯೇ ಇನ್ನೂ ಇತ್ಯರ್ಥವಾಗಿರುವುದಿಲ್ಲ, ಇಸ್ತ್ರಿ ಅಂಗಡಿಯ ಮೂಲಕ ಈತನಿಗೆ ಸುದ್ದಿ ಮುಟ್ಟಿರುತ್ತದೆ. ಬಂದವನು ರೇಟು ಕೇಳುವುದಿಲ್ಲ. ಗೇಟಿನಲ್ಲಿ ನಿಂತು ಸೂರ್ಯನನ್ನೊಮ್ಮೆ ನೋಡಿ, “ಈಸ್ಟ್ ಫೇಸಿಂಗ್, ಥರ್ಟಿ ಫಾರ್ಟಿ. ಇ-ಖಾತಾ ಆಗಿದ್ಯಾ ಸಾರ್?” ಎನ್ನುತ್ತಾನೆ. ಕಾಫಿ ಬರುವ ಹೊತ್ತಿಗೆ ಮನೆ ಅರ್ಧ ಅವನದಾಗಿರುತ್ತದೆ.

“ಇದನ್ನ ನಮಗೇ ಬಿಟ್ಬಿಡಿ ಸಾರ್, ಎಕ್ಸ್‌ಕ್ಲೂಸಿವ್. ಹತ್ತು ಜನಕ್ಕೆ ಹೇಳಿದ್ರೆ ಪ್ರಾಪರ್ಟಿ ಹಳಸೋಗುತ್ತೆ.”

ಪೂರ್ತಿ ಸುಳ್ಳೇನಲ್ಲ. ಒಂದೇ ಮನೆಗೆ ಹತ್ತು ಬ್ರೋಕರುಗಳು ಹತ್ತು ರೇಟು ಹೇಳಿದರೆ, ಏನೋ ವ್ಯಾಜ್ಯ ಇರಬೇಕು ಎಂದು ಕೊಳ್ಳುವವನು ಹಿಂದೆ ಸರಿಯುತ್ತಾನೆ. ಒಬ್ಬನಿಗೇ ವಹಿಸಿದರೆ ಅವನೂ ಕೈಯಿಂದ ಖರ್ಚು ಹಾಕಿ ಓಡಾಡುತ್ತಾನೆ. ತಕರಾರು ಇರುವುದು ಕರಿ ಬ್ಯಾಗಿನೊಳಗಿನ ಕಾಗದದಲ್ಲಿ.

ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು ಆ ಕಾಗದ ತೆಗೆದುಕೊಂಡು ಅಭ್ಯಾಸಬಲದಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದರು.

“ಮೂರನೇ ಕಲಮು ಓದಪ್ಪ.”

“ಅದು ಸುಮ್ನೆ ಫಾರ್ಮಾಲಿಟಿ ಸಾರ್.”

“ಹಾಗಾದ್ರೆ ಹೊಡೆದುಹಾಕ್ಲಾ?”

ಅಣ್ಣ ಕಾಫಿ ಲೋಟ ಕೆಳಗಿಟ್ಟ. 90 ದಿನದೊಳಗೆ ಯಾರೇ ಕೊಂಡರೂ, ಗಿರಾಕಿಯನ್ನು ಯಾರೇ ತಂದಿರಲಿ, ಶೇ. 2 ಕಮಿಷನ್ ಎಂದು ಮೂರನೇ ಕಲಮು. ಅಂದರೆ ಮೇಷ್ಟ್ರ ಭಾವಮೈದುನನೇ ಒಂದು ಕೋಟಿಗೆ ಕೊಂಡರೂ ಅಣ್ಣನಿಗೆ ಎರಡು ಲಕ್ಷ. ಬೇರೆ ಬ್ರೋಕರ್ ಬೇಡ, ಆದರೆ ಮಾಲೀಕ ತಾನೇ ಮಾರಿಕೊಂಡರೆ ಕಮಿಷನ್ ಇಲ್ಲ ಎಂದು ಬರೆಯುವ ಕರಾರೂ ಉಂಟು. ಅದರ ಪ್ರತಿ ಮಾತ್ರ ಆ ಬ್ಯಾಗಿನಲ್ಲಿ ಯಾವತ್ತೂ ಇರುವುದಿಲ್ಲ. ಮೇಷ್ಟ್ರು ಅದನ್ನೇ ಅಂಚಿನಲ್ಲಿ ಬರೆದರು.

ಅವಧಿ ಮುಗಿದ ಮೇಲೂ ಆರು ತಿಂಗಳು, ತಾನು ಮನೆ ತೋರಿಸಿದವರು ಕೊಂಡರೆ ಕಮಿಷನ್ ಕೊಡಬೇಕು ಎಂಬುದು ಐದನೆಯದು. “ಇದು ನ್ಯಾಯ. ಆದ್ರೆ ತೋರಿಸಿದವರ ಹೆಸರು ಬರೆದು ಕೊಡ್ಬೇಕು,” ಎಂದರು ಮೇಷ್ಟ್ರು. ಪಟ್ಟಿ ಇಲ್ಲದಿದ್ದರೆ ಅಣ್ಣನ ನೆನಪಿನಲ್ಲಿ ಇಡೀ ಜಯನಗರ ಮನೆ ನೋಡಿ ಹೋಗಿರುತ್ತದೆ. ಅವಧಿ ತಾನಾಗಿ ಮುಂದುವರಿಯುತ್ತದೆ ಎಂಬ ಸಾಲಿಗೆ ಅಡ್ಡಗೆರೆ ಬಿತ್ತು. ಅಡ್ವಾನ್ಸ್ ದಿನವೇ ಕಮಿಷನ್ ಎಂದಿದ್ದದ್ದು ರಿಜಿಸ್ಟ್ರೇಷನ್ ದಿನಕ್ಕೆ ಹೋಯಿತು. ಜೊತೆಗೆ ಎರಡು ಕಾಗುಣಿತ ತಪ್ಪು.

“ನಮ್ದು ರೇರಾ ನಂಬರ್ ಇದೆ ಸಾರ್!” ಅಣ್ಣನ ಸ್ವರದಲ್ಲಿ ನೋವಿತ್ತು. ಇರಬಹುದು. 2016ರ ಆ ಕಾಯ್ದೆ ಏಜೆಂಟರ ನೋಂದಣಿ ಕೇಳುವುದು ರೇರಾದಲ್ಲಿ ನೋಂದಾಯಿಸಿದ ಯೋಜನೆಗಳ ಫ್ಲಾಟು, ಸೈಟು ಮಾರಿಸುವುದಕ್ಕೆ. ಮೇಷ್ಟ್ರು ಸಾಲ ಮಾಡಿ ಕಟ್ಟಿಸಿದ ಹಳೇ ಮನೆಗೆ 1872ರ ಕರಾರು ಕಾಯ್ದೆಯೇ ಗತಿ. ಅದರ ಪ್ರಕಾರ, ಇಷ್ಟು ದಿನ ಎಂದು ಒಪ್ಪಿಕೊಂಡ ಏಜೆನ್ಸಿಯನ್ನು ಸಾಕಷ್ಟು ಕಾರಣವಿಲ್ಲದೆ ನಡುವೆ ಕೈಬಿಟ್ಟವನು ಪರಿಹಾರ ಕೊಡಬೇಕು. ಈ ಮಾತು ಮಾಲೀಕನಿಗೂ ಅನ್ವಯ, ಏಜೆಂಟನಿಗೂ ಅನ್ವಯ; ಅಣ್ಣ ಹೇಳುವುದು ಮೊದಲರ್ಧ ಮಾತ್ರ.

ಅಂತೂ ಸಹಿಯಾಯಿತು. ಅಣ್ಣ ಗೇಟು ದಾಟುವ ಮೊದಲೇ ಮನೆಯ ಫೋಟೋ ಬ್ರೋಕರುಗಳ ವಾಟ್ಸಾಪ್ ಗುಂಪು ಸೇರಿತ್ತು. ಗಿರಾಕಿ ತಂದವನಿಗೆ ಕಮಿಷನ್‌ನಲ್ಲಿ ಪಾಲು. ಪಾತಿವ್ರತ್ಯ ಮಾಲೀಕನಿಗಷ್ಟೇ ಕಡ್ಡಾಯ.

ಆ ವಾರವೇ ಮೇಷ್ಟ್ರಿಗೆ ಒಂದು ಅಪರಿಚಿತ ನಂಬರಿನಿಂದ ಫೋನು.

“ನಮಸ್ಕಾರ ಸಾರ್, ನಿಮ್ಮ ಏರಿಯಾದಲ್ಲೇ ಒಂದು ಮನೆ ಇದೆ, ಎರಡನೇ ಕ್ರಾಸು, ಬಾಗಿಲಲ್ಲಿ ಸಂಪಿಗೆ ಮರ. ಬೇರೆ ಯಾರ ಹತ್ರಾನೂ ಇಲ್ಲ, ನಮ್ಮ ಹತ್ರ ಮಾತ್ರ.”

“ಓನರ್ ಹೇಗಪ್ಪಾ?”

“ಯಾರೋ ರಿಟೈರ್ಡ್ ಮೇಷ್ಟ್ರಂತೆ ಸಾರ್, ಸ್ವಲ್ಪ ಕಿರಿಕ್ಕು. ಆದ್ರೆ ದುಡ್ಡು ಅರ್ಜೆಂಟಿದೆ. ಜಗ್ಗಿದ್ರೆ ಐದು ಲಕ್ಷ ಇಳೀತಾರೆ.”