ಮಾಳಿಗೆ ಮೇಲಿನ ಸೆಕ್ಯುರಿಟಿ

ಹುಬ್ಬಳ್ಳಿಯ ಕೇಶ್ವಾಪುರ ದಾಟಿ ಗೋಪನಕೊಪ್ಪದ ಓಣಿ ಹೊಕ್ಕರೆ ಈಗೀಗ ನಾಲ್ಕು ಮನೆಗೊಬ್ಬ ಇಂಥ ಹುಡುಗ ಸಿಗುತ್ತಾನೆ. ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿಗೆ ಹೋಗಿ, ಕೊರೊನಾ ಕಾಲಕ್ಕೆ ಲ್ಯಾಪ್‌ಟಾಪ್ ಸಮೇತ ತಿರುಗಿ ಬಂದು, ಮತ್ತೆ ಹೋಗಲು ಮನಸ್ಸಾಗದೆ ಉಳಿದುಬಿಟ್ಟವನು. ಕ್ಯಾಮೆರಾಕ್ಕೆ ಕಾಣುವಷ್ಟು ಇಸ್ತ್ರಿ ಶರ್ಟು, ಅದರ ಕೆಳಗೆ ಬರ್ಮುಡಾ. ಮಾಳಿಗೆ ಮೇಲಿನ ಖೋಲಿಯಲ್ಲಿ ಕೂತು, ಅಮೆರಿಕ ಎದ್ದ ಮೇಲೆ ಇವನ ದಿನ ಕಳೆಗಟ್ಟುತ್ತದೆ. ಕೆಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಮೀಟಿಂಗಿನವರಿಗೂ ಕೇಳಿ, "ನಿಮ್ಮಲ್ಲಿ ಕಟ್ಟಡದ ಕೆಲಸ ನಡೆದಿದೆಯೇ?" ಎಂದು ಅಲ್ಲಿಯವರು ವಿಚಾರಿಸಿದರೆ ಹೌದೆನ್ನುತ್ತಾನೆ. ರೊಟ್ಟಿ ಎಂದರೆ ಏನೆಂದು ವಿವರಿಸುವುದಕ್ಕಿಂತ ಅದೇ ಸಲೀಸು.

ಮಗನ ಕೆಲಸ ಯಾವುದೆಂದು ಓಣಿಯವರು ಕೇಳಿದಾಗ ಅವ್ವ ಮೊದಮೊದಲು ಅಭಿಮಾನದಿಂದಲೇ ಹೇಳಿದ್ದಳು, "ಸೆಕ್ಯುರಿಟಿಯೊಳಗ ಅದಾನ್ರಿ."

"ಯಾವ ಬ್ಯಾಂಕಿನ ಎಟಿಎಮ್ಮಿಗ್ರಿ?" ಅಂದರು ಎದುರುಮನೆ ಕಾಕಾ.

ಅಂದಿನಿಂದ ಅವನ ಹೆಸರೇ ಸೆಕ್ಯುರಿಟಿ. ಕನ್ಯಾ ನೋಡುವ ಮಾತು ಬಂದಾಗಲೂ ಆ ಹೆಸರೇ ಮುಂದೆ ಓಡಿ ಬಾಗಿಲು ಹಾಕಿಸಿ ಬರುತ್ತದೆ.

ಕಾಕಾ ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಇವನು ಕೂಡ ಬಾಗಿಲು ಕಾಯುವವನೇ. ಬಾಗಿಲು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2000ದ ಡಿಸೆಂಬರಿನಲ್ಲಿ ಮಂದಿಗೆ ಬಿಟ್ಟುಕೊಟ್ಟ ಎಸ್‌ಇ-ಲಿನಕ್ಸ್ ಎಂಬ ಕಾವಲು ವ್ಯವಸ್ಥೆಯ ನಿಯಮ ಬರೆಯುವುದು ಇವನ ಹೊಟ್ಟೆಪಾಡು. 2003ರಲ್ಲಿ ಅದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ 2.6 ಕರ್ನೆಲ್ಲಿಗೆ ಸೇರಿತು. 2014ರ ಆಂಡ್ರಾಯ್ಡ್ 5ರ ಹೊತ್ತಿಗೆ ಫೋನಿನೊಳಗೂ ಪೂರ್ತಿ ಜಾರಿಯಾಯಿತು. ಅವನನ್ನು ವಾಚ್‌ಮನ್ ಎಂದುಕೊಂಡ ಕಾಕಾನ ಅಂಗಿ ಜೇಬಿನಲ್ಲೂ ಆ ಕಾವಲು ಕೂತಿದೆ. ಇದನ್ನು ಕಾಕಾಗೆ ಹೇಳುವ ಧೈರ್ಯ ಯಾರಿಗೂ ಆಗಿಲ್ಲ.

ಸಾಮಾನ್ಯ ಲಿನಕ್ಸಿನಲ್ಲಿ ಕಡತ ಯಾರದೋ ಅವರದೇ ದರ್ಬಾರು. ಯಾರಿಗೆ ಬೇಕಾದರೂ ತೆರೆದಿಡಬಹುದು. ಎಸ್‌ಇ-ಲಿನಕ್ಸಿನಲ್ಲಿ ಒಡೆಯ ಹೂಂ ಅಂದರೂ ನಿಯಮಗಳ ಕಟ್ಟು, ಅಂದರೆ 'ಪಾಲಿಸಿ', ಒಪ್ಪಬೇಕು. ಈ ಬಗೆಯ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಮು) ಆ ಬಗೆಯ ಕಡತವನ್ನು ಓದಬಹುದು ಎಂಬ 'ಅಲೌ' ಸಾಲು ಅಲ್ಲಿ ಇರಲೇಬೇಕು; ಇಲ್ಲದಿದ್ದರೆ ಇಲ್ಲ. ಇಷ್ಟನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ನಮ್ಮ ಸೆಕ್ಯುರಿಟಿಯ ಗತ್ತು ಇರುವುದು ಅದರ ಮುಂದಿನ ಮೆಟ್ಟಿಲಲ್ಲಿ. ಅದು 'ಕನ್‌ಸ್ಟ್ರೇನ್' ಸಾಲು. ಅದು ಯಾರಿಗೂ ಏನನ್ನೂ ಕೊಡುವುದಿಲ್ಲ. ಕರ್ನೆಲ್ ಮೊದಲು ಅಲೌಗಳನ್ನೆಲ್ಲ ಕೂಡಿಸಿಕೊಳ್ಳುತ್ತದೆ, ಆಮೇಲೆ ಕನ್‌ಸ್ಟ್ರೇಂಟಿನ ಷರತ್ತಿಗೆ ಹೊಂದದ್ದನ್ನು ಹೊಡೆದುಹಾಕುತ್ತದೆ. ಇವನ ಪರದೆಯ ಮೇಲೆ ಒಂದು ಸಂಜೆ ಕಂಡ ಸಾಲು ಹೀಗಿತ್ತು:

ಕನ್‌ಸ್ಟ್ರೇನ್ ಪ್ರಾಸೆಸ್ ಟ್ರಾನ್ಸಿಷನ್ (ಯು1 == ಯು2 ಅಥವಾ ಟಿ1 == ಪ್ರಿವ್‌ಯೂಸರ್);

ಅರ್ಥ ಇಷ್ಟೇ: ಪ್ರಾಸೆಸ್ ವೇಷ ಬದಲಿಸುವಾಗ ಮೊದಲಿದ್ದ ಯೂಸರೂ ಆಮೇಲಿನ ಯೂಸರೂ ಒಬ್ಬನೇ ಆಗಿರಬೇಕು, ಇಲ್ಲವೇ ಬದಲಿಸುವವನಿಗೆ ವಿಶೇಷ ಸವಲತ್ತಿರಬೇಕು. ಯು1, ಆರ್1, ಟಿ1 ಎಂದರೆ ಕೇಳುವವನ ಯೂಸರ್, ರೋಲ್, ಟೈಪ್; ಎರಡರ ಅಂಕಿ ಇದ್ದರೆ ಎದುರಿನವನದು.

ಬೆಂಗಳೂರಿನ ಕಿರಿಯರು ಇವನಿಗೆ ಫೋನು ಹಚ್ಚುವುದು ಸಾಮಾನ್ಯವಾಗಿ ಈ ಸಾಲಿಗೆ ಡಿಕ್ಕಿ ಹೊಡೆದ ಮೇಲೆ. ದಾಖಲೆ ಬರೆದಿಡುವ ಲಾಗ್ ಕಡತದಲ್ಲಿ 'ಎವಿಸಿ ಡಿನೈಡ್' ಎಂದು ಬಂದಿರುತ್ತದೆ. ಅಲೌ ಇಲ್ಲದ್ದಕ್ಕೋ, ಕನ್‌ಸ್ಟ್ರೇಂಟು ಅಡ್ಡ ಬಂದದ್ದಕ್ಕೋ ಆ ಸಾಲು ಬಾಯಿ ಬಿಡುವುದಿಲ್ಲ. ಹುಡುಗರು ಅಲೌ ಸೇರಿಸುತ್ತಾರೆ. ಮತ್ತೆ ಡಿನೈಡ್. ಇನ್ನೊಂದು ಸಲ ಅದೇ ಅಲೌ ಬರೆಯುತ್ತಾರೆ, ಈ ಸಲ ಸ್ವಲ್ಪ ಜೋರಾಗಿ ಕೀಲಿ ಒತ್ತಿ. ಆಗ ಇವನು ಕುರ್ಚಿಗೆ ಒರಗಿ, ಗಿರಮಿಟ್ಟಿನ ಪ್ಲೇಟು ಕೆಳಗಿಟ್ಟು, ಫೋನಿನಲ್ಲಿ ಹೇಳುವ ಮಾತು ಓಣಿಯ ಹುಡುಗರಿಗೆಲ್ಲ ಬಾಯಿಪಾಠ: "ತಮ್ಮಾ, ಅಲೌ ಇದ್ರ ಸಾಲಂಗಿಲ್ಲ."

ಈ ವಿದ್ಯೆ ಮನೆಯಲ್ಲಿ ಅರ್ಥವಾದದ್ದು ಒಬ್ಬರಿಗೇ. ಅಪ್ಪ ನಿವೃತ್ತ ತಲಾಟಿ. ಮಗ ಒಮ್ಮೆ 'ವ್ಯಾಲಿಡೇಟ್‌ಟ್ರಾನ್ಸ್' ಎಂಬ ನಿಯಮದ ಬಗ್ಗೆ ತನ್ನಷ್ಟಕ್ಕೆ ಗೊಣಗುತ್ತಿದ್ದ. ಕಡತದ ಲೇಬಲ್, ಅಂದರೆ ಅದರ ಯೂಸರ್-ರೋಲ್-ಟೈಪ್ ಗುರುತು, ಬದಲಾಗುವಾಗ ಹಳೆಯ ಲೇಬಲ್ಲು, ಹೊಸ ಲೇಬಲ್ಲು, ಬದಲಿಸಲು ಹೊರಟ ಪ್ರಾಸೆಸ್ಸು, ಮೂರನ್ನೂ ಒಟ್ಟಿಗೆ ನಿಲ್ಲಿಸಿ ವಿಚಾರಿಸುವ ನಿಯಮ ಅದು. ಅದಕ್ಕೇ ಅಲ್ಲಿ ಯು3, ಟಿ3 ಎಂಬ ಮೂರರ ಅಂಕಿಯವೂ ಉಂಟು. ಅಪ್ಪ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಲೇ ಅಂದರು:

"ಇದೇನಪಾ ದೊಡ್ಡ ಮಾತು? ಉತಾರಕ್ಕ ಹೆಸರು ಹಚ್ಚೋದು ಹಿಂಗ ಅಲ್ಲೇನು? ಹಳೇ ಮಾಲಕ ಖರೇ ಇರಬೇಕು, ಹೊಸ ಮಾಲಕ ಖರೇ ಇರಬೇಕು, ಬದಲಿ ಮಾಡಾಂವಗ ಅಧಿಕಾರ ಇರಬೇಕು. ಮೂರನೇದ್ದು ನೋಡ್ದ ಬಿಟ್ಟಲ್ಲೇ ಕೋರ್ಟ್ ಕಚೇರಿ ಹತ್ತೂದು."

ಮ್ಯಾನೇಜರನಿಗೆ ಸ್ಲೈಡು ಹಾಕಿ ತೋರಿಸಿದರೂ ತಲೆಗೆ ಹತ್ತದ ವಿಷಯ ಅಡಿಕೆ ಹೋಳಿನಷ್ಟು ಹೊತ್ತಿನಲ್ಲಿ ಮುಗಿಯಿತು. ಅಪ್ಪ ಪರದೆಯ ಮೇಲಿದ್ದ ಆ ಕನ್‌ಸ್ಟ್ರೇನ್ ಸಾಲಿನ ಹತ್ತಿರ ಬಾಗಿ, ಕನ್ನಡಕ ಮೇಲೆ ಸರಿಸಿ ಕೇಳಿದರು, "ಅಲ್ಲೊಂದು 'ಅಥವಾ' ಐತಲ್ಲ, ಅದ್ಯಾಕ?"

"ಅದು ಬೇಕಪಾ. ಲಾಗಿನ್ ಪ್ರೋಗ್ರಾಮು ಒಬ್ಬನ ವೇಷದಿಂದ ಇನ್ನೊಬ್ಬನ ವೇಷಕ್ಕ ಹೋಗಲಿಲ್ಲಂದ್ರ ಯಾರೂ ಒಳಗ ಬರಾಕ ಆಗಂಗಿಲ್ಲ."

"ಅಂದ್ರ ಸಾಹೇಬ್ರ ಕೋಟಾ," ಅಂದು ಅಪ್ಪ ಕೆಳಗಿಳಿದರು.

ಇವನ ಕಸುಬಿನ ಕಷ್ಟವೆಲ್ಲ ಆ 'ಅಥವಾ' ಪದದ ಬಲಗಡೆಗೇ ಇದೆ. ಎಡಗಡೆಯ ನಿಯಮ ಬರೆಯಲು ಐದು ನಿಮಿಷ. ಬಲಗಡೆಯ ವಿನಾಯಿತಿಗೆ ಹಗ್ಗಜಗ್ಗಾಟ. ಒಂದೊಂದೇ ಟೈಪಿನ ಹೆಸರು ಬರೆಯುತ್ತ ಹೋದರೆ ಸಾಲು ಮುಗಿಯದೆಂದು ಎಲ್ಲಕ್ಕೂ ಸೇರಿ ಒಂದು ಗುಂಪಿನ ಹೆಸರಿಡುತ್ತಾರೆ. ಉದಾಹರಣೆಗೆ, ಆಂಡ್ರಾಯ್ಡ್ 9ಕ್ಕೆಂದು ಬರೆದ ಆ್ಯಪುಗಳು ತಮ್ಮ ಕಡತವನ್ನು ಎಲ್ಲರಿಗೂ ತೆರೆದಿಟ್ಟರೂ ಪಕ್ಕದ ಆ್ಯಪು ಇಣುಕದಂತೆ ಎಸ್‌ಇ-ಲಿನಕ್ಸ್ ತಡೆಯುತ್ತದೆ. ಅಲ್ಲಿಯೂ ಆ ತಡೆ ತಾಗದ ನಂಬಿಕಸ್ಥರದೊಂದು ಗುಂಪುಂಟು, ಹೆಸರು 'ಎಂಎಲ್‌ಎಸ್‌ಟ್ರಸ್ಟೆಡ್‌ಸಬ್ಜೆಕ್ಟ್'. ಆ ಗುಂಪಿಗೆ ಹೊಸಬರನ್ನು ಸೇರಿಸಿ ಎಂದು ಯಾರಾದರೂ ಕೇಳಿದರೆ ಇವನು ವಾರಗಟ್ಟಲೆ ಜಗಳಾಡುತ್ತಾನೆ. ಯಾಕೆ ಬೇಕು, ಯಾವ ಕಡತಕ್ಕೆ, ಬೇರೆ ದಾರಿ ಇಲ್ಲವೇ? ಅಮೆರಿಕದವರು ಇವನಿಗೆ ಹೆದರುತ್ತಾರೆಂದು ಕೇಳಿದ್ದೇನೆ.

ಗೋಪನಕೊಪ್ಪದವರು ಹೆದರುವುದಿಲ್ಲ. ಸ್ಕೂಟರಿನ ಕೀಲಿ ಕಂಡಕಂಡವರ ಕೈ ಸೇರುತ್ತದೆಂದು ಇವನು ಗೋಡೆಯ ಮೊಳೆಯ ಮೇಲೆ ಚೀಟಿ ಅಂಟಿಸಿದ: "ಒಯ್ಯುವವ == ಒಡೆಯ." ಸಂಜೆಯೊಳಗೆ ಅವ್ವನ ಒತ್ತಾಯಕ್ಕೆ "ಅಥವಾ ಅಪ್ಪ" ಸೇರಿತು. ಆಮೇಲೆ "ಅಥವಾ ಔಷಧ ತರುವವರು". ಪಂಚಮಿಗೆ ಅತ್ತೆ ಬಂದಾಗ "ಅಥವಾ ಮಾಮಾ". ಚೀಟಿಯಲ್ಲಿ ಜಾಗ ಮುಗಿದು, ಕಸುಬಿನ ಚಟದಿಂದ ಎಲ್ಲ ಹೆಸರು ಹೊಡೆದುಹಾಕಿ ಒಂದೇ ಗುಂಪು ಬರೆದ: "ಅಥವಾ ನಮ್ಮವರು." ಅಲ್ಲಿಗೆ ಕೆಟ್ಟಿತು.

ಮರುದಿನವೇ ಸಣ್ಣವ್ವನ ಮಗ ಕೀಲಿಗೆ ಕೈ ಹಾಕಿದ. ಇವನು ಮೆಟ್ಟಿಲ ಮೇಲಿಂದಲೇ ತಡೆದ. "ಯಾರು ಹೂಂ ಅಂದಾರ?"

"ದೊಡ್ಡವ್ವ."

"ಅವ್ವ ಅಂದ್ರ ಸಾಲಂಗಿಲ್ಲಲೇ—"

"ಯಾಕ ಸಾಲಂಗಿಲ್ಲ?" ಅಡುಗೆಮನೆಯಿಂದ ಅವ್ವ, ಕೈಯಲ್ಲಿ ಹಿಟ್ಟು. "ಅಂವ ನಮ್ಮಂವ ಅಲ್ಲೇನು? ಚೀಟ್ಯಾಗ ನೀನ ಬರದೀಯಲ್ಲ!"

ಬರೆದದ್ದು ತಾನೇ, ಷರತ್ತು ಈಡೇರಿತು. ಕೀಲಿ ಕೊಟ್ಟು ಮೇಲೆ ಹೋಗಿ ಕಿವಿಗೆ ಹೆಡ್‌ಫೋನು ಏರಿಸಿದ. ಸಣ್ಣವ್ವನ ಮಗ ಕೀಲಿಯನ್ನು ಗೇಟಿನಲ್ಲಿ ನಿಂತಿದ್ದ ಗೆಳೆಯನ ಕಡೆಗೆ ಎಸೆದ. ಗೆಳೆಯ ಹಿಡಿದುಕೊಂಡು ಸ್ಕೂಟರ್ ಚಾಲೂ ಮಾಡಿ, ಮಾಳಿಗೆಯತ್ತ ಮುಖ ಎತ್ತಿ ಕೂಗಿದ:

"ಸೆಕ್ಯುರಿಟಿ ಅಣ್ಣಾ, ಹೆಲ್ಮೆಟ್ಟೂ ಒಗೀರಿ! ಕೇಶ್ವಾಪುರ ಸರ್ಕಲ್ಲಿನ್ಯಾಗ ಪೊಲೀಸರು ನಿಂತಾರ!"