ತಕರಾರು ತಾತ

ಏಪ್ರಿಲ್ ಬಂತೆಂದರೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮಾಳಿಗೆ ಮೇಲಿನ ನೀರಿನ ಟ್ಯಾಂಕು ಕಾಯುತ್ತದೆ. ಅದರ ಜತೆಗೇ ನಮ್ಮ ತಕರಾರು ತಾತನೂ ಕಾಯುತ್ತಾರೆ.

ತಾತನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದೀಗ ಅರ್ಜಿಯ ಕೊನೆಯಲ್ಲಿ, ‘ತಮ್ಮ ವಿಶ್ವಾಸಿ’ ಎಂಬುದರ ಕೆಳಗೆ ಮಾತ್ರ ಉಳಿದಿದೆ. ಸರ್ವಿಸ್ ಪೂರ್ತಿ ಕಳೆದದ್ದು ಸಕ್ಕರೆ ಕಾರ್ಖಾನೆಯ ವೇಬ್ರಿಜ್ ಕಿಟಕಿಯೊಳಗೆ. ಕಬ್ಬಿನ ಗಾಡಿ ಬಂದು ನಿಂತರೆ ರವದಿ ಎಷ್ಟು, ಮಣ್ಣೆಷ್ಟು, ಡ್ರೈವರ್ ಕೆಳಗಿಳಿದನೋ ಇಲ್ಲವೋ ಎಲ್ಲ ನೋಡಿಯೇ ಚೀಟಿ ಹರಿದವರು. ಈಗ ತೂಗಲು ಕಬ್ಬಿಲ್ಲ. ಆಸ್ತಿ ತೆರಿಗೆಯನ್ನು ತೂಗುತ್ತಾರೆ.

ಸ್ವಾರಸ್ಯ ಇರುವುದು ಇಲ್ಲಿ. ನಮ್ಮ ರಾಜ್ಯದ ನಗರಸಭೆ, ಪುರಸಭೆಗಳಲ್ಲಿ 2002-03ರಿಂದ ಸ್ವಯಂ ಘೋಷಣೆಯ ಪದ್ಧತಿ. ಮನೆ ಅಳೆಯುವವನೂ ಯಜಮಾನನೇ, ಫಾರಂ ತುಂಬುವವನೂ ಅವನೇ. ಹಾಗಾಗಿ ತಾತ ಏಪ್ರಿಲ್ ಮೊದಲ ವಾರ ತಮ್ಮ ತೆರಿಗೆಯನ್ನು ತಾವೇ ಹಾಕಿಕೊಳ್ಳುತ್ತಾರೆ, ಎರಡನೇ ವಾರ ಅದರ ಮೇಲೆ ತಾವೇ ತಕರಾರು ಅರ್ಜಿ ಕೊಡುತ್ತಾರೆ. ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಅರ್ಜಿಯ ಗದ್ದಲದಲ್ಲಿ ಅದು ಹೋಗುತ್ತದೆ. ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ ಏರತೊಡಗಿದಾಗ, “ದಂಡ ಕಟ್ಟೋಣಂತ ತಮ್ಮಾ, ಲೆಕ್ಕ ತಪ್ಪಿದ್ರ ಹೆಂಗ?” ಎನ್ನುತ್ತಾರೆ.

ಅವರ ರೆಕ್ಸಿನ್ ಬ್ಯಾಗಿನ ವಾಸನೆ ನನಗೆ ಬಾಯಿಪಾಠ: ಕಾರ್ಬನ್ ಹಾಳೆ, ಅಡಿಕೆ, ಹಳೇ ರಸೀದಿ. ಸ್ವೀಕೃತಿ ಮೊಹರು ಅರ್ಧ ಬಿದ್ದಿದ್ದರೆ ಟಪಾಲು ಕೌಂಟರಿಗೆ ವಾಪಸ್ ಹೋಗಿ ಪೂರ್ತಿ ಹಾಕಿಸಿಕೊಂಡು ಬರುತ್ತಾರೆ. ತೆರಿಗೆಯ ಜತೆ ಬರುವ ಕರಗಳನ್ನೂ ಬಿಟ್ಟವರಲ್ಲ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. “ಓದೋರಿಗೆ ಆರು, ಬೇಡೋರಿಗೆ ಮೂರು. ಓದಿ ಬೇಡೋರಿಗೆ ಎಷ್ಟಪ?”

ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರಲ್ಲ, ತಾತನಿಗೆ ಅದರ ಮೇಲೆ ವಿಶೇಷ ಪ್ರೀತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಹೊಸಪೇಟೆಗೆ ಹೊಸಪೇಟೆಯೇ ನೀರು ಖಾಲಿಯಾದರೆ ಗತಿಯೇನೆಂದು ಕೂತಿತ್ತು. ತಾತ ಮಾತ್ರ, “ಎಪ್ಪತ್ತು ವರ್ಷದ ಕಬ್ಬಿಣನ ಹೋತು. ನನ್ನ ಮನಿ ಮಣ್ಣಿಂದು, ಸವಕಳಿ ಸಾಲಂಗಿಲ್ಲ” ಎಂದು ಹೊಸ ಹಾಳೆ ತೆಗೆದರು.

ಅರ್ಜಿಯಲ್ಲಿ ಬಿರುಕುಬಿಟ್ಟು ಸೋರುವ ಆ ಮನೆ, ಮೊಮ್ಮಗಳನ್ನು ನೋಡಲು ಬಂದ ಬೀಗರ ಮುಂದೆ “ನೂರು ವರ್ಷ ಅಲ್ಲಾಡಂಗಿಲ್ಲ” ಎನ್ನಿಸಿಕೊಂಡಿತು. ಒಳಗಿನಿಂದ ಮನೆಯೊಡತಿ ಅವ್ವನ ದನಿ: “ಅರ್ಜಿ ನಕಲು ತರ್ಲೇನು?”

ತಾತನ ಆದರ್ಶಪುರುಷ ಕೊಂಡೋಜ. ಅಳಿಯ ರಾಮರಾಯನಿಗೆ ಕ್ಷೌರ ಮಾಡಿ ಮೆಚ್ಚಿಸಿ, ತನ್ನ ಕುಲದವರ ತೆರಿಗೆಯನ್ನೇ ಮನ್ನಾ ಮಾಡಿಸಿಕೊಂಡವನು. ವಿಜಯನಗರ ಕಾಲದ ಶಾಸನಗಳಲ್ಲಿದೆ. “ಒಬ್ಬ ಮನುಷ್ಯ ಮನಸ್ಸು ಮಾಡಿದ್ರ ಆಗ್ತೈತಿ, ನೋಡು.”

“ತಾತಾ, ಅವನ ಕತ್ತಿ ರಾಮರಾಯನ ಕುತ್ತಿಗೆ ಮೇಲಿತ್ತು. ನಿಮ್ಮ ಕೈಯಾಗಿರೋದು ಕಾರ್ಬನ್ ಹಾಳಿ” ಅಂದೆ. ಎರಡು ದಿನ ಮಾತು ಬಿಟ್ಟರು.

ಹೋದ ವರ್ಷ ಅರ್ಜಿ ಫಲಿಸಿತು. ಬಿಲ್ ಕಲೆಕ್ಟರ್ ಹುಡುಗ ಟೇಪು ಹಿಡಿದು ಬಂದೇಬಿಟ್ಟ. ಬಿಸಿಲಿಗೆ ಬೇಸತ್ತು ಗೋಡೆಯ ಒಳಮೈಯಷ್ಟೇ ಅಳೆದ. ತಾತ ಬರೆದಿದ್ದಕ್ಕಿಂತ ನಲವತ್ತು ಚದರ ಅಡಿ ಕಡಿಮೆ ಬಂತು. ತೆರಿಗೆ ಇಳಿಯಿತೆಂದು ನಾನು ಕೈ ಕುಲುಕಲು ಹೋದರೆ ಇವರ ಮುಖ ಕಪ್ಪಿಟ್ಟಿತ್ತು. ರವದಿ ತೆಗೆಯದೆ ತೂಗಿದ ಗಾಡಿ ಕಂಡಂತೆ.

“ಗೋಡಿ ದಪ್ಪ ಬಿಟ್ಟಿಯಲ್ಲೋ! ಹೊರಗಿಂದ ಹಿಡಿ.”

ಹುಡುಗ ನನ್ನತ್ತ ನೋಡಿದ. ನಾನು ಆಕಾಶ ನೋಡಿದೆ. ತಾತನೇ ಟೇಪಿನ ತುದಿ ಹಿಡಿದು ಸುತ್ತ ಅಳೆಸಿದರು. ಮಾಳಿಗೆ ಮೇಲೆ ಕಟ್ಟಿಸಿ ತಾವೇ ಮರೆತಿದ್ದ ಸಣ್ಣ ಕೋಣೆಯನ್ನೂ ಏಣಿ ಹತ್ತಿಸಿ ತೋರಿಸಿದರು. ಕೂಡಿಸಿ ನೋಡಿದರೆ ಮೊದಲಿಗಿಂತ ಅರವತ್ತೆರಡು ರೂಪಾಯಿ ಜಾಸ್ತಿ.

ಅಂದೇ ಹೋಗಿ ಕಟ್ಟಿ ಬಂದರು. ರಾತ್ರಿ ಬೀದಿಗೆಲ್ಲ ಕೇಳುವಂತೆ ಗೊರಕೆ. ಬೆಳಿಗ್ಗೆ ಆರಕ್ಕೆ ನನ್ನ ಬಾಗಿಲು ಬಡಿದರು.

“ತಮ್ಮಾ, ಒಂದು ಕಾರ್ಬನ್ ಇದ್ರ ಕೊಡು. ರಸೀದಿಯಾಗ ನನ್ನ ಹೆಸರಿಗೆ ಒತ್ತಕ್ಷರ ಬಿಟ್ಟಾರ.”